ಪ್ರಿಂಟರ್ ಚಾಲೂ ಇದೆ, ಕಂಪ್ಯೂಟರ್ ಮಾತ್ರ ‘ಆಫ್‌ಲೈನ್’ ಅನ್ನುತ್ತದೆ: ವಿಂಡೋಸ್, ಮ್ಯಾಕ್, ಉಬುಂಟು ಮೂರಕ್ಕೂ ಒಂದೇ ಪ್ರಿಂಟರ್

[ದೃಶ್ಯ: ಗದಗಿನ ಒಂದು ಪ್ರೆಸ್. ಆಫ್‌ಸೆಟ್ ಮಷೀನಿನ ಸದ್ದು. ಕ್ಯಾಮೆರಾ ಮೂಲೆಯಲ್ಲಿರುವ ಲೇಸರ್ ಪ್ರಿಂಟರ್ ಹತ್ತಿರ ಬರುತ್ತದೆ.]

ನಮಸ್ಕಾರ. ಇವತ್ತು ಗದಗಿನಲ್ಲಿ, ನಮ್ಮ ಕಾಕಾನ ಪ್ರೆಸ್ಸಿನಲ್ಲಿ ಇದ್ದೇನೆ. ಗದಗಿಗೆ ಮುದ್ರಣ ಕಾಶಿ ಅಂತಲೇ ಹೆಸರು, ನಿಮಗೆ ಗೊತ್ತೇ ಇದೆ. ಈ ಪ್ರೆಸ್ಸಿನಲ್ಲಿ ಮೂರು ಕಂಪ್ಯೂಟರ್ ಇವೆ. ಡಿಟಿಪಿ ಮಾಡುವ ಅಕ್ಕನ ಟೇಬಲ್ ಮೇಲೆ ವಿಂಡೋಸ್. ಡಿಸೈನ್ ಮಾಡುವ ಹುಡುಗನ ಹತ್ತಿರ ಮ್ಯಾಕ್. ಬಿಲ್ಲು, ಲೆಕ್ಕ ನೋಡುವ ಕಡೆ ಲಿನಕ್ಸಿನ ಒಂದು ಬಗೆಯಾದ ಉಬುಂಟು. ಪ್ರೂಫ್ ತೆಗೆಯುವ ಪ್ರಿಂಟರ್ ಮಾತ್ರ ಒಂದೇ.

ಹೋದ ಲಗ್ನದ ಸೀಜನ್ನಿನಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಅಲ್ಲಿಂದ ಶುರು. ಅಕ್ಕ ನನಗೆ ಫೋನ್ ಮಾಡಿದರು: “ತಮ್ಮಾ, ಪ್ರಿಂಟರ್ ಚಾಲೂ ಐತಿ, ಹಸರ ಲೈಟ್ ಹತ್ತೇತಿ. ಆದ್ರ ಕಂಪ್ಯೂಟರ್ ಆಫ್‌ಲೈನ್ ಅಂತೈತಿ ನೋಡಪಾ.” ಆ ಹೊತ್ತಿಗೆ ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಮುಂಡರಗಿಯಿಂದ ಬಸ್ಸಿನಲ್ಲಿ ಬಂದಿದ್ದ ಹಿರಿಯರು ಎರಡು ತಾಸಿನಿಂದ ಬೆಂಚಿನ ಮೇಲೆ ಕೂತಿದ್ದರು. ಹಾಗೆ ಇನ್ಯಾರೂ ಕಾಯಬಾರದು ಅಂತಲೇ ಈ ವಿಡಿಯೋ ಮಾಡುತ್ತಿದ್ದೇನೆ.

[ದೃಶ್ಯ: ಹಿಟ್ಟಿನ ಗಿರಣಿ. ಸಾಲಾಗಿ ಇಟ್ಟ ಡಬ್ಬಿಗಳು.]

ಮೊದಲು ಪ್ರಿಂಟ್ ಕ್ಯೂ ಅಂದರೆ ಏನು ಅಂತ ನೋಡೋಣ. ಗಿರಣಿಗೆ ಜೋಳ ಬೀಸಿಸಲು ಹೋದರೆ ನಾವು ಅಲ್ಲೇ ನಿಲ್ಲುತ್ತೇವಾ? ಡಬ್ಬಿ ಪಾಳಿಗೆ ಇಟ್ಟು ಮನೆಗೆ ಬರುತ್ತೇವೆ. ನಮ್ಮ ಡಬ್ಬಿಯ ಪಾಳಿ ಬಂದಾಗ ಬೀಸುತ್ತಾರೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ನೀವು ಪ್ರಿಂಟ್ ಒತ್ತಿದ ಕೂಡಲೇ ಕೆಲಸ ಒಂದು ಕಡತವಾಗಿ ಪಾಳಿಯಲ್ಲಿ ಕೂರುತ್ತದೆ. ನೀವು ನಿಮ್ಮ ಕೆಲಸ ಮುಂದುವರಿಸಬಹುದು. ಆದರೆ ಮುಂದಿನ ಡಬ್ಬಿಯಲ್ಲಿ ಕಲ್ಲು ಸಿಕ್ಕರೆ ಹಿಂದಿನ ಎಲ್ಲ ಡಬ್ಬಿಗಳೂ ಕಾಯಬೇಕು.

ಈಗ ನನ್ನ ಮುಖ್ಯ ಮಾತು. ತೊಂದರೆ ಬಂದಾಗ ಎಲ್ಲರೂ ಮೊದಲು ಪ್ರಿಂಟರ್ ಬಿಚ್ಚುತ್ತಾರೆ, ಕಾರ್ಟ್ರಿಜ್ ಅಲ್ಲಾಡಿಸುತ್ತಾರೆ. ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಪಾಳಿ ಎಲ್ಲಿದೆ? ವಿಂಡೋಸಿನಲ್ಲಿ ಪ್ರಿಂಟ್ ಸ್ಪೂಲರ್ ಅನ್ನುವ ಸರ್ವೀಸ್ ಪಾಳಿ ನೋಡಿಕೊಳ್ಳುತ್ತದೆ. ಮ್ಯಾಕ್ ಮತ್ತು ಉಬುಂಟು ಎರಡರಲ್ಲೂ ಕಪ್ಸ್ ಅನ್ನುವ ಒಂದೇ ವ್ಯವಸ್ಥೆ. ಮೈಕಲ್ ಸ್ವೀಟ್ ಅನ್ನುವವರು 1997ರಲ್ಲಿ ಅದನ್ನು ಬರೆಯಲು ಶುರು ಮಾಡಿದರು. 2002ರಲ್ಲಿ ಆ್ಯಪಲ್ ತನ್ನ ಮ್ಯಾಕ್ ಓಎಸ್ ಎಕ್ಸ್ 10.2ರಲ್ಲಿ ಅದನ್ನೇ ಹಾಕಿಕೊಂಡಿತು. ಹೊರಗಿನಿಂದ ಎಷ್ಟೇ ಬೇರೆ ಕಂಡರೂ ಪ್ರಿಂಟಿನ ವಿಷಯದಲ್ಲಿ ಮ್ಯಾಕ್, ಉಬುಂಟು ಒಂದೇ ಮನೆಯವು. ಅಂದರೆ ನಮ್ಮ ಪ್ರೆಸ್ಸಿನಲ್ಲಿ ಮೂರು ಕಂಪ್ಯೂಟರಿನಲ್ಲಿ ಮೂರು ಪಾಳಿ ಇವೆ, ಅವು ಹೋಗಿ ಸೇರುವ ಬಾಗಿಲು ಒಂದೇ.

[ದೃಶ್ಯ: ಪ್ರಿಂಟರಿನ ಪುಟ್ಟ ಡಿಸ್‌ಪ್ಲೇ, ತೀರಾ ಹತ್ತಿರದಿಂದ. ಪಕ್ಕದಲ್ಲಿ ವಿಂಡೋಸಿನ ಪೋರ್ಟ್ಸ್ ಟ್ಯಾಬ್.]

ಇಲ್ಲಿ ನೋಡಿ. ಆ ದಿನ ನಾನು ಕಂಡದ್ದನ್ನೇ ಮತ್ತೆ ತೋರಿಸುತ್ತಿದ್ದೇನೆ. ಪ್ರಿಂಟರಿನ ಡಿಸ್‌ಪ್ಲೇ ಮೇಲೆ 192.168.1.7 ಅಂತ ಇದೆ. ಅದು ನೆಟ್‌ವರ್ಕಿನಲ್ಲಿ ಪ್ರಿಂಟರಿನ ಮನೆ ನಂಬರ್, ಅಂದರೆ ಐಪಿ ಅಡ್ರೆಸ್. ವಿಂಡೋಸ್ ಕಳಿಸುತ್ತಿರುವುದು 192.168.1.5ಕ್ಕೆ. ಕರೆಂಟ್ ಹೋಗಿ ಬಂದಾಗ ರೌಟರ್ ಪ್ರಿಂಟರಿಗೆ ಹೊಸ ಅಡ್ರೆಸ್ ಕೊಟ್ಟಿದೆ. ವಿಂಡೋಸ್ ಇನ್ನೂ ಹಳೇ ಮನೆಯ ಬಾಗಿಲು ಬಡಿಯುತ್ತಿದೆ. ಇಷ್ಟೇ ಆಗಿದ್ದು.

ಹಾಗಾಗಿ ಮೂರೂ ಕಂಪ್ಯೂಟರನ್ನು ಮುಟ್ಟುವ ಮುಂಚೆ ಪ್ರಿಂಟರಿಗೆ ಕಾಯಂ ಅಡ್ರೆಸ್ ಕೊಡಿ. ಬ್ರೌಸರಿನಲ್ಲಿ ರೌಟರಿನ ಪೇಜ್ ತೆರೆಯಿರಿ. ಡಿಎಚ್‌ಸಿಪಿ ಅಂದರೆ ರೌಟರ್ ಅಡ್ರೆಸ್ ಹಂಚುವ ವಿಭಾಗ, ಅದರೊಳಗೆ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಅಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್ ಹಾಕಿ, ಎದುರಿಗೆ 192.168.1.50 ಅಂತ ಬರೆದು ಸೇವ್ ಮಾಡಿ. ಈ ಮ್ಯಾಕ್ ಅಡ್ರೆಸ್ಸಿಗೂ ಆ್ಯಪಲ್ ಮ್ಯಾಕ್‌ಗೂ ಸಂಬಂಧ ಇಲ್ಲ. ನೆಟ್‌ವರ್ಕಿಗೆ ಸೇರುವ ಪ್ರತಿ ಯಂತ್ರಕ್ಕೂ ಕಂಪನಿ ಕೊಟ್ಟ ಗುರುತಿನ ನಂಬರ್ ಅದು. ಪ್ರಿಂಟರಿನಿಂದ ಕಾನ್ಫಿಗರೇಶನ್ ಪೇಜ್ ತೆಗೆದರೆ ಅದರಲ್ಲಿ ಸಿಗುತ್ತದೆ. ಪ್ರಿಂಟರಿನಲ್ಲೇ ಅಡ್ರೆಸ್ ಬರೆದಿಡುವ ದಾರಿಯೂ ಇದೆ. ನನಗೆ ರೌಟರಿನ ದಾರಿಯೇ ಇಷ್ಟ, ಯಾಕೆಂದರೆ ಎಲ್ಲ ಅಡ್ರೆಸ್ಸೂ ಒಂದೇ ಪಟ್ಟಿಯಲ್ಲಿ ಇರುತ್ತವೆ. ಒಂದೇ ಅಡ್ರೆಸ್ ಇಬ್ಬರಿಗೆ ಹೋಗಿ ಜಗಳ ಆಗುವುದಿಲ್ಲ.

[ದೃಶ್ಯ: ವಿಂಡೋಸ್ ಸ್ಕ್ರೀನ್]

ಈಗ ವಿಂಡೋಸ್. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಒಳಗೆ ಹೋಗಿ ಆ್ಯಡ್ ಡಿವೈಸ್ ಒತ್ತಿ. ಅದು ತಾನೇ ಹುಡುಕಿ ಪ್ರಿಂಟರ್ ತೋರಿಸುತ್ತದೆ. ಅವಸರ ಮಾಡಿ ಅದನ್ನೇ ಒತ್ತಬೇಡಿ. ಹಾಗೆ ಸೇರಿಸಿದರೆ ಎಷ್ಟೋ ಸಲ ಡಬ್ಲ್ಯುಎಸ್‌ಡಿ ಅನ್ನುವ ಪೋರ್ಟ್, ಅಂದರೆ ಡೇಟಾ ಹೋಗುವ ದಾರಿ, ಬೀಳುತ್ತದೆ. ಅದು ಇದ್ದಲ್ಲಿ ಸುಮ್ನೆ ‘ಆಫ್‌ಲೈನ್’ ಕಾಟ ಜಾಸ್ತಿ. ಕೆಳಗೆ ಆ್ಯಡ್ ಮ್ಯಾನ್ಯುಯಲಿ ಅಂತ ಬರುತ್ತದೆ, ಅದನ್ನು ಒತ್ತಿ. ಐಪಿ ಅಡ್ರೆಸ್ ಮೂಲಕ ಸೇರಿಸುವ ಆಯ್ಕೆ ಒತ್ತಿ, ಟಿಸಿಪಿ ಐಪಿ ಡಿವೈಸ್ ಅಂತ ಆರಿಸಿ, 192.168.1.50 ಕೊಡಿ. ಸಾಮಾನ್ಯವಾಗಿ 9100ನೇ ಪೋರ್ಟ್ ಮೂಲಕ ಡೇಟಾ ನೇರ ಪ್ರಿಂಟರಿಗೆ ಹೋಗುತ್ತದೆ.

ಇಷ್ಟಾದರೂ ಪ್ರಿಂಟ್ ಬರುತ್ತಾ ಬರುತ್ತಾ ‘ಆಫ್‌ಲೈನ್’ ಅಂತ ತೋರಿಸಿದರೆ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಕಾನ್ಫಿಗರ್ ಪೋರ್ಟ್ ಒಳಗೆ ಹೋಗಿ. ಎಸ್‌ಎನ್‌ಎಂಪಿ ಸ್ಟೇಟಸ್ ಅನ್ನುವ ಟಿಕ್ ತೆಗೆಯಿರಿ. ಪ್ರಿಂಟರ್ ಹೇಗಿದೆ ಅಂತ ವಿಂಡೋಸ್ ವಿಚಾರಿಸುವುದು ಅದರ ಮೂಲಕ. ಕೆಲವು ಪ್ರಿಂಟರ್ ಆ ವಿಚಾರಣೆಗೆ ಉತ್ತರ ಕೊಡುವುದಿಲ್ಲ. ಉತ್ತರ ಬರದಿದ್ದರೆ ವಿಂಡೋಸ್ ಪ್ರಿಂಟರ್ ಇಲ್ಲ ಅಂತಲೇ ತಿಳಿಯುತ್ತದೆ.

[ದೃಶ್ಯ: ಮ್ಯಾಕ್, ನಂತರ ಉಬುಂಟು]

ಮ್ಯಾಕ್‌ನಲ್ಲಿ ಆ್ಯಡ್ ಪ್ರಿಂಟರ್ ಒತ್ತಿ, ಗೋಲದ ಚಿತ್ರ ಇರುವ ಐಪಿ ಟ್ಯಾಬಿಗೆ ಹೋಗಿ, ಅದೇ ಅಡ್ರೆಸ್ ಹಾಕಿ. ಪ್ರೋಟೋಕಾಲ್ ಕಡೆ ಏರ್‌ಪ್ರಿಂಟ್ ಅಥವಾ ಐಪಿಪಿ ಆರಿಸಿ. ಉಬುಂಟುವಿನಲ್ಲಿ ಪ್ರಿಂಟರ್ ಎಷ್ಟೋ ಸಲ ತಾನಾಗಿಯೇ ಪಟ್ಟಿಗೆ ಬಂದಿರುತ್ತದೆ. ಬರದಿದ್ದರೆ ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಒಳಗೆ ಅಡ್ರೆಸ್ ಬರೆಯಿರಿ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಅಂತ ಕೊಟ್ಟರೆ ಕಪ್ಸ್‌ನದೇ ಪೇಜ್ ತೆರೆಯುತ್ತದೆ. ಪಾಳಿಯಲ್ಲಿ ಯಾವ ಕೆಲಸ ಕೂತಿದೆ, ಯಾವುದು ಕೆಟ್ಟಿದೆ, ಎಲ್ಲ ಅಲ್ಲಿ ಕಾಣುತ್ತದೆ. 631 ಅಂದರೆ ಐಪಿಪಿಯ ಪೋರ್ಟ್. ಐಪಿಪಿ ಅಂದರೆ ಕಂಪ್ಯೂಟರ್, ಪ್ರಿಂಟರ್ ನೆಟ್‌ವರ್ಕಿನಲ್ಲಿ ಮಾತಾಡುವ ಭಾಷೆ. ಏರ್‌ಪ್ರಿಂಟ್ ಆ್ಯಪಲ್‌ನದು, ಬಂದದ್ದು 2010ರಲ್ಲಿ. ಅದೂ ಒಳಗೆ ಐಪಿಪಿಯನ್ನೇ ಆಡುತ್ತದೆ. ನಿಮ್ಮ ಪ್ರಿಂಟರಿಗೆ ಏರ್‌ಪ್ರಿಂಟ್ ಬಂದರೆ ಮ್ಯಾಕ್, ಉಬುಂಟುವಿನಲ್ಲಿ ಬೇರೆ ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಹುಡುಕುವ ಕೆಲಸವೇ ಇಲ್ಲ. ಹೊಸ ಪ್ರಿಂಟರ್ ಕೊಳ್ಳುವವರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಂತ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ. ಮನೆಯಲ್ಲಿ ಮ್ಯಾಕ್ ಇರದಿದ್ದರೂ ನೋಡಿ, ಉಬುಂಟುವಿಗೂ ಅದೇ ಉಪಯೋಗ.

ಯುಎಸ್‌ಬಿ ಮಾತ್ರ ಇರುವ ಹಳೇ ಪ್ರಿಂಟರ್ ನಮ್ಮ ಕಡೆ ಬಹಳ. ಝೆರಾಕ್ಸ್ ಅಂಗಡಿ, ಟೈಪಿಂಗ್ ಅಂಗಡಿ, ಎಲ್ಲ ಕಡೆ ಅವೇ. ಅದನ್ನು ಒಂದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ಶೇರ್ ಮಾಡಿರುತ್ತಾರೆ. 2021ರಲ್ಲಿ ಸ್ಪೂಲರಿನಲ್ಲಿ ‘ಪ್ರಿಂಟ್ ನೈಟ್‌ಮೇರ್’ ಅನ್ನುವ ದೊಡ್ಡ ತೂತು ಸಿಕ್ಕಿತು. ಆ ವರ್ಷ ಮೈಕ್ರೋಸಾಫ್ಟ್ ಪ್ರಿಂಟಿನ ಬಾಗಿಲುಗಳನ್ನೆಲ್ಲ ಬಿಗಿ ಮಾಡಿತು. ಆಮೇಲೆ ಎಷ್ಟೋ ಕಡೆ ಕೊನೆಯಲ್ಲಿ 11ಬಿ ಅಂತ ಇರುವ ಎರರ್ ಬಂದು ಶೇರಿಂಗ್ ನಿಂತಿತು. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಒಳಗಿನ ಸೆಟ್ಟಿಂಗ್ ಪಟ್ಟಿಯಲ್ಲಿ, ಒಂದು ವ್ಯಾಲ್ಯೂವನ್ನು ಸೊನ್ನೆ ಮಾಡಿ ಅಂತ ಹೇಳುವವರು ಬಹಳ ಜನ. ದಯವಿಟ್ಟು ಮಾಡಬೇಡಿ. ಅದು ಹಾಕಿದ ಬೀಗವನ್ನು ಮತ್ತೆ ತೆಗೆದಿಟ್ಟ ಹಾಗೆ. ನಿಮ್ಮ ಗಿರಾಕಿಗಳ ಆಧಾರ್, ಪಹಣಿ ಎಲ್ಲ ಆ ಕಂಪ್ಯೂಟರಿನಲ್ಲೇ ಇರುತ್ತವೆ, ಅಲ್ವಾ?

ನನ್ನ ಸಲಹೆ ಬೇರೆ. ಆ ಪ್ರಿಂಟರ್ ಮಾಡೆಲ್ಲಿಗೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಯಾವಾಗಲೂ ಚಾಲೂ ಇರುವ ಉಬುಂಟು ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ. ಕಪ್ಸ್ ಪೇಜಿನ ಅಡ್ಮಿನಿಸ್ಟ್ರೇಶನ್‌ನಲ್ಲಿ ಶೇರಿಂಗ್ ಟಿಕ್ ಹಾಕಿ. ಆಗ ಆ ಕಂಪ್ಯೂಟರಿನ ಪಾಳಿಯೇ ಎಲ್ಲರಿಗೂ ಒಂದು ಪಾಳಿ ಆಗುತ್ತದೆ. ವಿಂಡೋಸಿನಲ್ಲಿ ಪ್ರಿಂಟರ್ ಸೇರಿಸುವಾಗ ಈ ಅಡ್ರೆಸ್ ಬರೆದರೆ ಸಾಕು: http://ಉಬುಂಟು-ಕಂಪ್ಯೂಟರಿನ-ಐಪಿ:631/printers/ಪ್ರಿಂಟರಿನ-ಹೆಸರು.

[ದೃಶ್ಯ: ಪ್ರಿಂಟರಿನ ಡಿಸ್‌ಪ್ಲೇ, ಹಳದಿ ಲೈಟ್ ಮಿನುಗುತ್ತಿದೆ]

ಈಗ ಡಬ್ಬಿಯಲ್ಲಿ ಕಲ್ಲು ಸಿಕ್ಕ ಕಥೆ. ನಮ್ಮ ಪ್ರೆಸ್ಸಿನಲ್ಲಿ ಅದು ಪೇಪರ್ ಸೈಜಿನಿಂದ ಬಂತು. ಮ್ಯಾಕ್‌ನಲ್ಲಿ ಲೆಟರ್ ಸೈಜ್ ಇತ್ತು. ಅದು ಅಮೆರಿಕದವರ ಕಾಗದ, 216 ಮಿಲಿಮೀಟರ್ ಅಗಲ, 279 ಉದ್ದ. ನಮ್ಮ ಟ್ರೇಯಲ್ಲಿ ಇದ್ದದ್ದು ಎ4, 210 ಅಗಲ, 297 ಉದ್ದ. ಪ್ರಿಂಟರ್ ಲೆಟರ್ ಕಾಗದ ಹಾಕಿ ಅಂತ ಕೇಳುತ್ತಾ ನಿಂತುಬಿಟ್ಟಿತು. ಹಿಂದೆ ಒಂಬತ್ತು ಕೆಲಸ. ಮೂರೂ ಕಂಪ್ಯೂಟರಿನಲ್ಲಿ ಎ4 ಅನ್ನೇ ಡಿಫಾಲ್ಟ್ ಮಾಡಿಡಿ.

ಕೆಲಸ ಸಿಕ್ಕಿಹಾಕಿಕೊಂಡು ಡಿಲೀಟ್ ಆಗದೇ ಹೋದರೆ ವಿಂಡೋಸಿನ ಸರ್ವೀಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್ ಇದೆ. ಅದರಲ್ಲಿರುವ ಫೈಲ್ ಅಳಿಸಿ, ಸ್ಪೂಲರ್ ಮತ್ತೆ ಶುರು ಮಾಡಿ. ಫೋಲ್ಡರನ್ನೇ ಅಳಿಸಬೇಡಿ. ಮ್ಯಾಕ್, ಉಬುಂಟುವಿನಲ್ಲಿ ಒಂದು ಕೆಲಸ ಕೆಟ್ಟರೆ ಒಮ್ಮೊಮ್ಮೆ ಇಡೀ ಪಾಳಿಯೇ ನಿಂತುಬಿಡುತ್ತದೆ. ಕೆಟ್ಟ ಕೆಲಸ ತೆಗೆದು ರೆಸ್ಯೂಮ್ ಒತ್ತಿ.

ಕನ್ನಡದ ಬಗ್ಗೆ ಒಂದು ಮಾತು. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಉಬುಂಟುವಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪ್ರಿಂಟರಿನ ತಪ್ಪು ಇದರಲ್ಲಿ ಏನೂ ಇಲ್ಲ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ ಕಳಿಸಿ. ಆಗಲೂ ಒತ್ತಕ್ಷರ ಜಾಗ ತಪ್ಪಿದರೆ ಪ್ರಿಂಟ್ ಆ್ಯಸ್ ಇಮೇಜ್ ಆಯ್ಕೆ ಹಾಕಿ ನೋಡಿ. ಲಗ್ನಪತ್ರಿಕೆಯಲ್ಲಿ ಒಂದು ಒತ್ತು ತಪ್ಪಿದರೂ ಮನೆತನದ ಹೆಸರೇ ಬದಲಾಗುತ್ತದೆ.

[ದೃಶ್ಯ: ಕಾಕಾ ಗೋಡೆಯ ಮೇನ್ ಸ್ವಿಚ್ ಹತ್ತಿರ]

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಉಳಿದಿದೆ. ಕಂಪ್ಯೂಟರುಗಳನ್ನು ಶಟ್‌ಡೌನ್ ಮಾಡಿ, ಮೇನ್ ಸ್ವಿಚ್ ಆಫ್ ಮಾಡಿ. ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ರೌಟರ್ ಎದ್ದ ಮೇಲೆ ಪ್ರಿಂಟರಿನ ಡಿಸ್‌ಪ್ಲೇ ನೋಡಿ. ಕಾಕಾ, ಸ್ವಿಚ್ ಹಾಕ್ರಿ.

[ದೃಶ್ಯ: ಡಿಸ್‌ಪ್ಲೇ ಮೇಲೆ 192.168.1.50. ವಿಂಡೋಸ್, ಮ್ಯಾಕ್, ಉಬುಂಟು ಮೂರರಿಂದಲೂ ಒಂದೊಂದು ಹಾಳೆ ಹೊರಗೆ ಬರುತ್ತದೆ.]