ಶೇಕಡಾ 31 ಅಂದರೆ ಎಷ್ಟು ಜನ?

ಕೇಳುಗರಿಗೆ ನಮಸ್ಕಾರ. "ಈ ಮಾತ್ರೆಯಿಂದ ಹೃದಯಾಘಾತದ ಅಪಾಯ ಶೇಕಡಾ 31ರಷ್ಟು ಇಳಿಯುತ್ತದೆ" ಅಂತ ಸುದ್ದಿ ಬಂದರೆ, ಮಾತ್ರೆ ನುಂಗಿದ ನೂರು ಮಂದಿಯಲ್ಲಿ 31 ಮಂದಿ ಬಚಾವಾಗುತ್ತಾರೆ ಅಂತಲೇ ಎಷ್ಟೋ ಜನ ತಿಳಿಯುತ್ತಾರೆ. ಹಾಗಲ್ಲ. ಆ 31 ಎಲ್ಲಿಂದ ಬಂತು, ಲೆಕ್ಕ ಹಾಕಿಯೇ ನೋಡೋಣ. ಪೆನ್ನು ಕಾಗದ ಹತ್ತಿರವಿದ್ದರೆ ತೆಗೆದುಕೊಳ್ಳಿ.

ಅದು ಬಂದದ್ದು ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. 45ರಿಂದ 64 ವರ್ಷದ, ಕೊಲೆಸ್ಟರಾಲ್ ಹೆಚ್ಚಿದ್ದ, ಆದರೆ ಅದುವರೆಗೆ ಹೃದಯಾಘಾತ ಆಗಿರದ 6,595 ಗಂಡಸರು ಅದರಲ್ಲಿದ್ದರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 40 ಮಿಲಿಗ್ರಾಂ ಪ್ರವಾಸ್ಟಾಟಿನ್ ಎಂಬ, ಕೊಲೆಸ್ಟರಾಲ್ ಇಳಿಸುವ ಔಷಧಿ, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ವೈದ್ಯರೇ ಆರಿಸಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡಬಹುದಿತ್ತು. ಆಗ ಬಂದ ಫಲ ಮಾತ್ರೆಯದೋ ಮೈಕಟ್ಟಿನದೋ ಹೇಳುವುದು ಹೇಗೆ?

ಸುಮಾರು ಐದು ವರ್ಷ ಕಳೆಯಿತು. ಹೃದಯಾಘಾತವಾದವರು, ಹೃದಯದ ರಕ್ತನಾಳದ ಕಾಯಿಲೆಯಿಂದ ತೀರಿಕೊಂಡವರು, ಇಬ್ಬರನ್ನೂ ಸೇರಿಸಿ ಎಣಿಸಿದರು. ಹುಸಿ ಮಾತ್ರೆಯ 3,293 ಜನರಲ್ಲಿ 248. ಔಷಧಿಯ 3,302 ಜನರಲ್ಲಿ 174. ನೂರಕ್ಕೆ ಇಳಿಸಿದರೆ ಒಂದು ಕಡೆ ಏಳೂವರೆ, ಇನ್ನೊಂದು ಕಡೆ ಐದೂಕಾಲು. ವ್ಯತ್ಯಾಸ ನೂರಕ್ಕೆ ಎರಡೂಕಾಲು, ಅಷ್ಟೇ. ಆ ಎರಡೂಕಾಲನ್ನು ಏಳೂವರೆಯ ಪಾಲಾಗಿ ಹೇಳಿದಾಗ ಶೇಕಡಾ 30 ಆಗುತ್ತದೆ. ಯಾರಿಗೆ ಯಾವಾಗ ಆಯಿತು ಎನ್ನುವುದನ್ನೂ ಗಣನೆಗೆ ತೆಗೆದುಕೊಂಡರೆ, ಪ್ರಕಟವಾದ 31.

ಈಗ ನೂರನ್ನು ಎರಡೂಕಾಲಿನಿಂದ ಭಾಗಿಸಿ. 44 ಬರುತ್ತದೆ. ಅಂದರೆ 44 ಮಂದಿ ಐದು ವರ್ಷ ಮಾತ್ರೆ ತಗೊಂಡರೆ ಒಬ್ಬರಿಗೆ ಆಗಬೇಕಿದ್ದದ್ದು ತಪ್ಪುತ್ತದೆ. ಸುಮಾರು ಇಬ್ಬರಿಗೆ ಮಾತ್ರೆ ತಗೊಂಡೂ ಆಗುತ್ತದೆ. ಉಳಿದ 41 ಮಂದಿಗೆ ತಗೊಳ್ಳದಿದ್ದರೂ ಆಗುತ್ತಿರಲಿಲ್ಲ. ಮಾತ್ರೆ ದಂಡ ಅಂತ ಇದರ ಅರ್ಥವಲ್ಲ. ಮೊದಲೇ ನೂರಕ್ಕೆ 20ರಷ್ಟು ಅಪಾಯವಿದ್ದವರಿಗೆ ಇದೇ ಶೇಕಡಾ 31 ಎಂದರೆ ನೂರರಲ್ಲಿ ಆರು ಮಂದಿ. ನೂರಕ್ಕೆ ಒಂದೇ ಇದ್ದವರಿಗೆ, ಮುನ್ನೂರು ಚಿಲ್ಲರೆ ಜನರಲ್ಲಿ ಒಬ್ಬರು.

ಭಯ ಹುಟ್ಟಿಸುವ ಸುದ್ದಿಗೂ ಇದೇ ಲೆಕ್ಕ. ಅದೇ 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಎಂಬ ಎಚ್ಚರಿಕೆ ಹೊರಟಿತು. ಏಳು ಸಾವಿರದಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗಿತ್ತು. ಗಾಬರಿಯಾಗಿ ಎಷ್ಟೋ ಹೆಂಗಸರು ಗುಳಿಗೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗರ್ಭಪಾತಗಳು ಸಾವಿರಗಟ್ಟಲೆ ಹೆಚ್ಚಿದವು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಯದಕ್ಕಿಂತಲೂ ಜಾಸ್ತಿ ಎನ್ನುವುದನ್ನು ಆ ಗದ್ದಲದಲ್ಲಿ ಕೇಳುವವರಿರಲಿಲ್ಲ.

ಮತ್ತೆ ಸ್ಕಾಟ್ಲೆಂಡಿಗೆ ಬರೋಣ. 31ರ ಪಕ್ಕದಲ್ಲಿ '17ರಿಂದ 43' ಅಂತ ಬರೆದಿರುತ್ತಾರೆ. ಇದು ಕಾನ್ಫಿಡೆನ್ಸ್ ಇಂಟರ್‌ವಲ್. ನಿಜವಾದ ಲಾಭ 17ರಷ್ಟು ಕಡಿಮೆ ಇದ್ದರೂ 43ರಷ್ಟು ಹೆಚ್ಚಿದ್ದರೂ ಸಿಕ್ಕ ಅಂಕಿಗಳಿಗೆ ಹೊಂದುತ್ತದೆ ಎಂದು ಅದರ ತಾತ್ಪರ್ಯ. ಎಲ್ಲ ಕಾರಣಗಳ ಸಾವನ್ನು ಒಟ್ಟಿಗೆ ಎಣಿಸಿದಾಗ ಇಳಿಕೆ ಶೇಕಡಾ 22, ವ್ಯಾಪ್ತಿ ಸೊನ್ನೆಯಿಂದ 40, ಪಿ ವ್ಯಾಲ್ಯೂ 0.051. ರೂಢಿಯಲ್ಲಿ ಇದು 0.05ಕ್ಕಿಂತ ಕಡಿಮೆ ಬಂದರೆ ಮಾತ್ರ ಫಲವನ್ನು ಗಟ್ಟಿ ಅಂತ ಒಪ್ಪುತ್ತಾರೆ. ಕೂದಲೆಳೆಯಲ್ಲಿ ತಪ್ಪಿತು! ಆದರೆ 0.049 ಬಂದಿದ್ದರೆ ಔಷಧಿ ಬೇರೆಯಾಗಿಬಿಡುತ್ತಿತ್ತೇ? ಪಾಸು–ಫೇಲಿನಂತೆ ಇದನ್ನು ಓದುವುದು ದಡ್ಡತನ. ಔಷಧಿಗೆ ಏನೇನೂ ಪರಿಣಾಮವಿಲ್ಲ ಅಂತಲೇ ಇಟ್ಟುಕೊಂಡರೂ, ಇಂಥ ನೂರು ಅಧ್ಯಯನಗಳಲ್ಲಿ ಸುಮಾರು ಐದರಲ್ಲಿ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸಿಕೊಳ್ಳಬಹುದು. ಪಿ ವ್ಯಾಲ್ಯೂ ಹೇಳುವುದು ಇಷ್ಟನ್ನೇ. 'ಔಷಧಿ ನಿಷ್ಫಲವಾಗಿರುವ ಸಾಧ್ಯತೆ ಶೇಕಡಾ ಐದು' ಅಂತ ಅದು ಹೇಳುವುದಿಲ್ಲ. ವೈದ್ಯರೂ ಇಲ್ಲಿ ಎಡವುವುದುಂಟು.

ಇನ್ನೊಂದು ವಿಷಯ. ಈ ಅಧ್ಯಯನದಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ, 64 ದಾಟಿದವರನ್ನು ಸೇರಿಸಿಕೊಂಡಿರಲಿಲ್ಲ. ಎಪ್ಪತ್ತೈದರ ಅಜ್ಜಿಗೆ ಮಾತ್ರೆ ಬೇಕೇ ಬೇಡವೇ ಎಂದು ತೀರ್ಮಾನಿಸಲು ಆ 44 ಎಂಬ ಅಂಕಿಯನ್ನು ಎತ್ತಿಕೊಂಡು ಬರುವ ಹಾಗಿಲ್ಲ. ಅದಕ್ಕೆ ಆ ವಯಸ್ಸಿನ ಹೆಂಗಸರ ಮೇಲೆ ನಡೆದ ಅಧ್ಯಯನವನ್ನೇ ಹುಡುಕಬೇಕು.