ಮೆಸೇಜ್ ಬಂದಿಲ್ಲ, ಹಾಗಾದ್ರೆ ಆನೆ ಇಲ್ವಾ?

ಕೇಳುಗರೇ, ನಮಸ್ಕಾರ.

ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಬೆಳಗ್ಗೆ ಎದ್ದವರು ಮೊದಲು ಮೊಬೈಲ್ ನೋಡುತ್ತಾರೆ. ಆನೆ ಎಲ್ಲಿದೆ ಅಂತ. ಕೆಲವು ಕಾಡಾನೆಗಳ ಕೊರಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಅದರ ಸಿಗ್ನಲ್ ಹಿಡಿದು ಅರಣ್ಯ ಇಲಾಖೆಯವರು ಮೆಸೇಜ್ ಕಳಿಸುತ್ತಾರೆ. ಒಳ್ಳೆಯ ಕೆಲಸ, ಬೇಡ ಅನ್ನುವವನು ನಾನಲ್ಲ.

ಮೆಸೇಜ್ ಬಂದ ದಿನ ಸರಿ. ಬಾರದ ದಿನ ಏನು ಮಾಡುತ್ತೇವೆ? “ಇವತ್ತು ಏನೂ ಇಲ್ಲ, ನಡೀರಿ” ಅಂತ ಕೆಲಸದವರನ್ನು ತೋಟಕ್ಕೆ ಕಳಿಸುತ್ತೇವೆ, ಅಲ್ವಾ? ಹಿಂಡಿನಲ್ಲಿ ಒಂದಕ್ಕೆ ಕಾಲರ್ ಇದ್ದರೆ ಆ ಹಿಂಡಿನ ಸುಳಿವು ಸಿಗುತ್ತದೆ. ಕಾಲರ್ ಇಲ್ಲದ ಒಂಟಿ ಸಲಗ ಆ ಲೆಕ್ಕಕ್ಕೇ ಸಿಗುವುದಿಲ್ಲ. ಆನೆ ಇಲ್ಲದಾಗಲೂ ಮೊಬೈಲ್ ಸುಮ್ನೆ ಇರುತ್ತದೆ, ಗುಡ್ಡದ ಮರೆಗೆ ನೆಟ್‌ವರ್ಕ್ ಹೋದಾಗಲೂ ಸುಮ್ನೆ ಇರುತ್ತದೆ.

ಇದು ಮಲೆನಾಡಿನವರ ದಡ್ಡತನ ಅಂದುಕೊಳ್ಳಬೇಡಿ. 1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತ್ತು. ಹೊರಟ ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿತು. ಯಂತ್ರ ಮಾತ್ರ ನಿಲ್ಲಲಿಲ್ಲ. ದಿಕ್ಕು, ವೇಗ ನೋಡಿ ಅಂದಾಜಿನ ಜಾಗ ತೋರಿಸುತ್ತಾ ಹೋಯಿತು. ಗಾಳಿ, ನೀರಿನ ಸೆಳೆತ ಅದಕ್ಕೆ ಗೊತ್ತಿಲ್ಲ. ಸಿಗ್ನಲ್ ಹೋಗಿದೆ ಅಂತ ಪರದೆಯಲ್ಲಿ ಪುಟ್ಟ ಅಕ್ಷರದಲ್ಲಿ ಬರೆದೇ ಇತ್ತು. 34 ಗಂಟೆ ಕಳೆದರೂ ಯಾರೂ ಗಮನಿಸಲಿಲ್ಲ. ದಾರಿಯ ಗುರುತಿಗೆ ಸಮುದ್ರದಲ್ಲಿ ತೇಲಿಬಿಟ್ಟಿರುವ ಬುರುಡೆ, ಅಂದರೆ ಬಾಯ್, ಒಂದು ಕಾಣಬೇಕಿತ್ತು, ಕಾಣಲಿಲ್ಲ. ಪಾಳಿಯಲ್ಲಿದ್ದ ಅಧಿಕಾರಿ ಕ್ಯಾಪ್ಟನ್‌ಗೆ ಕಂಡಿತು ಅಂತಲೇ ಹೇಳಿದ! ಪರದೆಯ ಪ್ರಕಾರ ಹಡಗು ಸರಿಯಾದ ದಾರಿಯಲ್ಲೇ ಇತ್ತಲ್ಲ. ಕಾವಲಿನವರು ಮುಂದೆ ನೀರಿನ ಬಣ್ಣ ಬೇರೆ ಇದೆ ಅಂದರು. ಅದಕ್ಕೂ ಬೆಲೆ ಸಿಗಲಿಲ್ಲ. ಹಡಗು ಸುಮಾರು 17 ನಾಟಿಕಲ್ ಮೈಲಿ ದಾರಿ ತಪ್ಪಿ, ನ್ಯಾಂಟಕೆಟ್ ದ್ವೀಪದ ಹತ್ತಿರ ಮರಳದಿಣ್ಣೆಗೆ ಸಿಕ್ಕಿಕೊಂಡಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ನಮ್ಮ ತೋಟಗಳಲ್ಲೂ ಕಾವಲಿನ ಕಣ್ಣುಗಳಿವೆ. ಹಸಿ ಲದ್ದಿ, ಸಿಗಿದು ಹಾಕಿದ ಬಗನಿ ಮರ, ಮುರಿದ ಬೇಲಿ. ಇವನ್ನು ಮೊದಲು ನೋಡುವುದು ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಹೆಂಗಸರು. “ವಾಸನೆ ಬರ್ತಿದೆ, ಒಳಗೆ ಹೋಗೋದು ಬೇಡ” ಅಂತ ಅವರು ನಿಂತರೆ ಕೆಲಸ ಕದಿಯುವುದಕ್ಕೆ ನೆಪ ಅನ್ನುವವರು ಜಾಸ್ತಿ. ಮೊಬೈಲ್ ನಂಬುವವರು ಜಗಲಿಯಲ್ಲಿರುತ್ತಾರೆ, ಗಿಡಗಳ ನಡುವೆ ಬಗ್ಗಿ ಕಾಯಿ ಕುಯ್ಯುವವರು ಬೇರೆ. ಹಾಗೆ ಹೆದರಿ ವಾಪಸ್ ಬಂದ ದಿನದ ಕೂಲಿ ಕಡಿಯುವುದಿಲ್ಲ ಅಂತ ತೋಟದ ಮಾಲೀಕರು ಈ ಕುಯ್ಲಿಗೆ ಮೊದಲೇ ಬಾಯಿಬಿಟ್ಟು ಹೇಳಿಬಿಡಲಿ. ನಮಸ್ಕಾರ.