ದಂಡದ ರಸೀದಿ ಜೋಪಾನ

ಕೇಳುಗರಿಗೆ ನಮಸ್ಕಾರ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಮನೆಗಳಲ್ಲಿ ಹಳೆಯ ಟ್ರಂಕಿನ ತಳ ತಡಕಿದರೆ ಕೆಲವೊಮ್ಮೆ ಒಂದು ಚೀಟಿ ಸಿಗುತ್ತದೆ. ಅರಣ್ಯ ಜಮೀನು ಅತಿಕ್ರಮಣ ಮಾಡಿದ್ದಕ್ಕೆ ದಂಡ ಕಟ್ಟಿದ ರಸೀದಿ. ಅದರಲ್ಲಿ ಹೆಸರಿರುತ್ತದೆ, ಊರಿರುತ್ತದೆ, ತಾರೀಕಿರುತ್ತದೆ. ಕಳ್ಳ ಅನ್ನಿಸಿಕೊಂಡ ಚೀಟಿ ಮನೆಯಲ್ಲಿ ಯಾಕೆ ಅಂತ ಎಷ್ಟೋ ಜನ ಅದನ್ನು ಒಲೆಗೆ ಹಾಕಿದ್ದಾರೆ. ದಯವಿಟ್ಟು ಹಾಕಬೇಡಿ. ಆ ರಸೀದಿಯ ತಾರೀಕು 2005ರ ಡಿಸೆಂಬರ್ 13ಕ್ಕಿಂತ ಹಿಂದಿನದಾದರೆ, ಆ ದಿನಕ್ಕೆ ಮೊದಲೇ ಆ ಮನೆಯವರು ಆ ನೆಲದ ಮೇಲೆ ಇದ್ದರು ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ. ಕಾಡನ್ನು ನಂಬಿ ಬದುಕಿದವರಿಗೆ ಅವರ ಅನುಭವದ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಾಬೀತು ಮಾಡಬೇಕಾದದ್ದು ಮುಖ್ಯವಾಗಿ ಇದನ್ನೇ.

ಇವತ್ತಿನ ಮಾತು ಸಿದ್ದಿ ಜನರ ನೆಲದ ಹಕ್ಕಿನ ಬಗ್ಗೆ. ಸಿದ್ದಿಗಳ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಕ್ಕೆ ತಂದವರಲ್ಲಿ ತಪ್ಪಿಸಿಕೊಂಡ ಅನೇಕರು ಘಟ್ಟ ಹತ್ತಿ ಉತ್ತರ ಕನ್ನಡದ ಕಾಡು ಸೇರಿದರು. ಇದೇ ಪೋರ್ಚುಗೀಸರ ಕೈಯಿಂದ ಬ್ರೆಜಿಲ್‌ನಲ್ಲಿ ತಪ್ಪಿಸಿಕೊಂಡ ಆಫ್ರಿಕದ ಜನವೂ ಕಾಡಿಗೇ ಹೋದರು. ಅವರು ಕಟ್ಟಿಕೊಂಡ ಊರುಗಳಿಗೆ ಅಲ್ಲಿ ಕಿಲೊಂಬೊ ಅನ್ನುತ್ತಾರೆ. ಒಂದೇ ಯಜಮಾನನಿಂದ ಓಡಿದವರು ಎರಡು ಸಮುದ್ರದ ಆಚೀಚೆ ಒಂದೇ ಕೆಲಸ ಮಾಡಿದ್ದಾರೆ: ಯಾರಿಗೂ ಬೇಡವಾದ ನೆಲ ಹದ ಮಾಡಿ, ಅದರಲ್ಲಿ ಬದುಕಿ, ಕೊನೆಗೆ ಅದೇ ನೆಲದಲ್ಲಿ ಅತಿಕ್ರಮಣದಾರರು ಅನ್ನಿಸಿಕೊಂಡರು. ಬ್ರೆಜಿಲ್‌ನ ಮಾತಿಗೆ ಆಮೇಲೆ ಬರುತ್ತೇನೆ.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 2003ರಲ್ಲಿ, ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಈ ಮೂರು ವರ್ಷದ ಅಂತರ ಎಷ್ಟು ದೊಡ್ಡದು ಅನ್ನುವುದು ಅರ್ಜಿ ತುಂಬುವಾಗ ಗೊತ್ತಾಗುತ್ತದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ನೆಲ ಅನುಭವದಲ್ಲಿದೆ ಅಂತ ತೋರಿಸಿದರೆ ಸಾಕು. ಬೇರೆಯವರನ್ನು ಕಾಯ್ದೆ ಇತರ ಪಾರಂಪರಿಕ ಅರಣ್ಯವಾಸಿಗಳು ಅನ್ನುತ್ತದೆ. ಅವರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಭಾಗದಲ್ಲಿ ಇದ್ದುದಕ್ಕೆ ಆಧಾರ ಕೊಡಬೇಕು. ಒಂದೇ ಕೇರಿಯಲ್ಲಿ ಸಿದ್ದಿ ಮನೆ, ಪಕ್ಕದಲ್ಲಿ ಗೌಳಿ ಮನೆ ಇದ್ದರೆ ಇಬ್ಬರ ಅರ್ಜಿಗೂ ಒಂದೇ ನಮೂನೆ, ಆದರೆ ಆಧಾರದ ಭಾರ ಬೇರೆ ಬೇರೆ. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಅದೇ ಹೊಲವನ್ನು 75 ವರ್ಷ ಉತ್ತಿರಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಆ ಕಾಡನ್ನು ನಂಬಿ 75 ವರ್ಷ ವಾಸ ಇರಬೇಕು, ನೆಲ 2005ಕ್ಕೆ ಮೊದಲು ಅನುಭವದಲ್ಲಿ ಇರಬೇಕು. ಈ ಎರಡು ಮಾತನ್ನು ಒಂದು ಮಾಡಿದ್ದರಿಂದ ಬಿದ್ದುಹೋದ ಅರ್ಜಿಗಳಿಗೆ ಲೆಕ್ಕವಿಲ್ಲ.

ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2020ರಲ್ಲಿ. ಅದಕ್ಕೆ ಮೊದಲು 75 ವರ್ಷದ ದಾಖಲೆ ಇಲ್ಲ ಅಂತ ತಿರಸ್ಕಾರವಾದ ಅರ್ಜಿ ನಿಮ್ಮಲ್ಲಿದ್ದರೆ, ಈಗ ಆ ಕಾರಣ ಹೇಗೆ ನಿಲ್ಲುತ್ತದೆ ಅಂತ ಲಿಖಿತವಾಗಿಯೇ ಕೇಳಿ.

ಇನ್ನು ದಾರಿ. ಮೊದಲ ಮೆಟ್ಟಿಲು ಗ್ರಾಮಸಭೆ. ಇದು ಪಂಚಾಯ್ತಿ ಕಟ್ಟಡದಲ್ಲಿ ಹತ್ತು ಊರು ಸೇರಿಸಿ ಮಾಡುವ ಸಭೆ ಅಲ್ಲ. ನಿಮ್ಮ ಊರು, ನಿಮ್ಮ ಮಜರೆ, ಅಲ್ಲಿನ ವಯಸ್ಕರೆಲ್ಲ ಸೇರುವ ಸಭೆ. ಸಿದ್ದಿ ವಾಡೆಗಳು ಕಾಡಿನಲ್ಲಿ ಮೂರು ಮೈಲಿ, ನಾಲ್ಕು ಮೈಲಿ ದೂರ ದೂರ ಇರುತ್ತವೆ. ಪಂಚಾಯ್ತಿ ಮಟ್ಟದಲ್ಲಿ ಸಭೆ ಕರೆದರೆ ಕೂಲಿ ಬಿಟ್ಟು ಅಷ್ಟು ದೂರ ಬರಲಾಗದೆ ಕೋರಂ ತಪ್ಪುತ್ತದೆ. ಸದಸ್ಯರಲ್ಲಿ ಅರ್ಧದಷ್ಟು ಜನ ಇರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಹಕ್ಕಿನ ಅರ್ಜಿಗಳ ಠರಾವು ಮಾಡುವಾಗ ಅರ್ಜಿದಾರರಲ್ಲಿ ಶೇಕಡ 50ರಷ್ಟಾದರೂ ಇರಬೇಕು. ಹಾಜರಿ ಪುಸ್ತಕದಲ್ಲಿ ಸಹಿ, ಹೆಬ್ಬೆಟ್ಟು ಸರಿಯಾಗಿ ಬೀಳಲಿ. ವರ್ಷಗಳಾದ ಮೇಲೆ ಮೇಲಿನ ಕಚೇರಿ ಮೊದಲು ನೋಡುವುದು ಆ ಪುಟವನ್ನೇ.

ಆ ಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. 10ರಿಂದ 15 ಜನ, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು, ಪರಿಶಿಷ್ಟ ಪಂಗಡದವರಿರುವ ಊರಲ್ಲಿ ಮೂರನೇ ಎರಡು ಭಾಗ ಆ ಪಂಗಡದವರು. ಅರ್ಜಿ ತೆಗೆದುಕೊಳ್ಳುವ ಅಧಿಕಾರ ಈ ಸಮಿತಿಗೆ, ಗ್ರಾಮಸಭೆಗೆ ಮಾತ್ರ. ಯಾವ ದರ್ಜೆಯ ಅಧಿಕಾರಿಯೂ ಒಬ್ಬನೇ ಕೂತು ಅರ್ಜಿ ತಿರಸ್ಕರಿಸುವಂತಿಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ತಪ್ಪದೆ ಕೇಳಿ ಪಡೆಯಿರಿ.

ವೈಯಕ್ತಿಕ ಹಕ್ಕಿಗೆ ನಮೂನೆ ಎ. ಮಿತಿ 4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 9 ಎಕರೆ 35 ಗುಂಟೆ. ಎಲ್ಲರಿಗೂ ಅಷ್ಟು ಸಿಗುತ್ತದೆ ಅಂತಲ್ಲ, ನಿಜವಾಗಿ ಅನುಭವದಲ್ಲಿ ಎಷ್ಟಿದೆಯೋ ಅಷ್ಟೇ. ಆಧಾರ ಒಂದಕ್ಕಿಂತ ಹೆಚ್ಚಿರಬೇಕು. ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಮನೆ ತೆರಿಗೆ ರಸೀದಿ, ಹಳೆಯ ಅರಣ್ಯ ಮೊಕದ್ದಮೆಯ ಕಾಗದ ಎಲ್ಲವೂ ನಡೆಯುತ್ತವೆ. ಕಾಗದವೇ ಇಲ್ಲದವರು ಎದೆಗುಂದಬೇಕಿಲ್ಲ. ನೆಲವೇ ಸಾಕ್ಷಿ ಹೇಳುತ್ತದೆ: ಹಾಕಿದ ಬದು, ಮಟ್ಟ ಮಾಡಿದ ಗದ್ದೆ, ತೋಡಿದ ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಪೂಜೆಯ ಕಲ್ಲು. ಇವೆಲ್ಲ ಈ ಕಾಯ್ದೆಯ ನಿಯಮಗಳಲ್ಲಿ 13ನೆಯದರಲ್ಲಿ ಬರೆದಿರುವ ಆಧಾರಗಳೇ. ಇಂಥವನ್ನು ಮಹಜರಿನಲ್ಲಿ ಬರೆಸಬೇಕು, ಬರೆಸದಿದ್ದರೆ ಅವು ಇದ್ದೂ ಇಲ್ಲದಂತೆ.

ಮಹಜರಿನ ದಿನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನವರು ಜಾಗ ಕಳೆದುಕೊಳ್ಳುವುದು ಅವತ್ತೇ. ಸಮಿತಿಯವರು ಸ್ಥಳಕ್ಕೆ ಬರುವ ಮೊದಲು ಅರ್ಜಿದಾರರಿಗೂ ಅರಣ್ಯ ಇಲಾಖೆಗೂ ತಿಳಿಸಿರಬೇಕು. ಅರಣ್ಯ, ಕಂದಾಯ ಎರಡೂ ಇಲಾಖೆಯವರು ಹಾಜರಿದ್ದು, ಹುದ್ದೆ, ತಾರೀಕು ಬರೆದು ಸಹಿ ಹಾಕಬೇಕು. ನಮ್ಮವರು ಇರಲಿಲ್ಲ ಅಂತ ಇಲಾಖೆ ಆಮೇಲೆ ತಕರಾರು ತೆಗೆದರೆ ಇನ್ನೊಮ್ಮೆ ಪರಿಶೀಲನೆ ಆಗುತ್ತದೆ. ಆಗಲೂ ಬಾರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಕೊನೆ. ಆದ್ದರಿಂದ ನೋಟಿಸು ಕೊಟ್ಟ ಪ್ರತಿಯ ಮೇಲೆ ಕಚೇರಿಯ ಮುದ್ರೆ ಇರಬೇಕು.

ಆಮೇಲೆ ಜಿಪಿಎಸ್ ಹಿಡಿದು ಗಡಿ ಸುತ್ತುತ್ತಾರೆ. ಒಂದು ಎಕರೆ ಚೌಕದ ಜಾಗದ ಒಂದು ಬದಿ ಸುಮಾರು 64 ಮೀಟರ್. ಬೇಲಿಯ ಹತ್ತಿರ ಲಂಟಾನ, ಮುಳ್ಳು ಬೆಳೆದಿದೆ ಅಂತ ನಾಲ್ಕೂ ಬದಿಯಲ್ಲಿ 5 ಮೀಟರ್ ಒಳಗೆ ನಡೆದರೆ, 40 ಗುಂಟೆಯಲ್ಲಿ ನಕ್ಷೆಗೆ ಬರುವುದು ಸುಮಾರು 28 ಗುಂಟೆ. ಯಾರೂ ಮೋಸ ಮಾಡಬೇಕಿಲ್ಲ, ಕತ್ತಿ ಹಿಡಿದು ಮುಳ್ಳು ಸವರದೆ ಇದ್ದದ್ದೇ ಸಾಕು. ಹಿಂದಿನ ದಿನವೇ ಬೇಲಿ ಸಾಲು ಸವರಿ, ಮೂಲೆಗಳಿಗೆ ಗೂಟ ಹೊಡೆದು, ಬೇಲಿ ಹಿಡಿದೇ ಸುತ್ತಿಸಿ. ಮರದ ದಟ್ಟ ನೆರಳಿನಲ್ಲಿ ಜಿಪಿಎಸ್ ಕೂಡ ಅತ್ತಿತ್ತ ಹೋಗುತ್ತದೆ, ಮೂಲೆಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿಸಬೇಕು. ಉತ್ತ ಜಾಗ ಮಾತ್ರ ಅಳೆದು ಮುಗಿಸಿದರೆ ಒಪ್ಪಬೇಡಿ. ಕೊಟ್ಟಿಗೆ, ಕಣ, ಬೆಳೆ ಇಡುವ ಜಾಗ, ಸರದಿಯಲ್ಲಿ ಬೀಳು ಬಿಟ್ಟ ಜಾಗ, ಬೆಳೆಸಿದ ಮರಗಳು, ಇವೆಲ್ಲ ಸಾಗುವಳಿಗೆ ಸೇರಿದ್ದೇ ಅಂತ 2012ರ ತಿದ್ದುಪಡಿಯಲ್ಲಿ ಬಿಡಿಸಿ ಬರೆದಿದ್ದಾರೆ. ನಕ್ಷೆಯಲ್ಲಿ ವಿಸ್ತೀರ್ಣ ಎಷ್ಟಿದೆ ಅಂತ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಗ್ರಾಮಸಭೆಯ ಠರಾವು ಉಪವಿಭಾಗಾಧಿಕಾರಿಯ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಯ ಸಮಿತಿಗೆ ಹೋಗುತ್ತದೆ. ತಿರಸ್ಕಾರದ ಹೊಡೆತ ಬೀಳುವುದು ಇಲ್ಲಿ. ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ ಅನ್ನುವ ಒಂದೇ ಸಾಲಿನ ಷರಾ ಬರೆದು ಕಡತ ಮುಚ್ಚುವುದುಂಟು. ನಿಯಮ ಹಾಗೆ ಹೇಳುವುದಿಲ್ಲ. ಉಪಗ್ರಹ ಚಿತ್ರ ಬೇರೆ ಆಧಾರಗಳ ಜೊತೆಗೆ ನೋಡಬೇಕಾದದ್ದು, ಅವುಗಳ ಬದಲಿಗೆ ಅಲ್ಲ. ಮರಗಳ ನಡುವೆ ಕಾಳುಮೆಣಸಿನ ಬಳ್ಳಿ, ಬಾಳೆ ಬೆಳೆಸಿದವರ ತೋಟ ಮೇಲಿನಿಂದ ಕಾಡಾಗಿಯೇ ಕಾಣುತ್ತದೆ. ಕಾಡು ಕಡಿಯದೆ ಬದುಕಿದವನಿಗೆ ಅದೇ ಮುಳುವಾಗುವುದು ಎಂಥ ಅನ್ಯಾಯ. ಗ್ರಾಮಸಭೆ ಒಪ್ಪಿದ ಅರ್ಜಿಯನ್ನು ಮೇಲಿನ ಸಮಿತಿ ತಿದ್ದಿದರೆ ಅಥವಾ ತಿರಸ್ಕರಿಸಿದರೆ ವಿವರವಾದ ಕಾರಣ ಬರೆಯಬೇಕು, ಅದನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಮೇಲ್ಮನವಿಗೆ 60 ದಿನ ಸಮಯ. ಊರ ಠರಾವಿನ ಮೇಲೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ. ಅಹವಾಲು ಕೇಳದೆ ಮೇಲ್ಮನವಿ ಮುಗಿಸುವಂತಿಲ್ಲ. ತಿರಸ್ಕಾರದ ಕಾಗದ ಕೈಗೆ ಬಂದಾಗ ಅದರ ಲಕೋಟೆಯನ್ನೂ ಇಟ್ಟುಕೊಳ್ಳಿ. ಮುದ್ರೆಯ ತಾರೀಕು ಮುಂದೆ ಬೇಕಾಗುತ್ತದೆ.

2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸುವ ಆದೇಶ ಕೊಟ್ಟಿತ್ತು. ಕರ್ನಾಟಕದಲ್ಲಿ ಆಗ ಹಾಗೆ ತಿರಸ್ಕಾರವಾಗಿದ್ದ ಅರ್ಜಿಗಳು 1,76,000ಕ್ಕೂ ಹೆಚ್ಚು. ತಿರಸ್ಕಾರ ನಿಯಮ ಪ್ರಕಾರ ನಡೆದಿದೆಯೇ ಅನ್ನುವ ಪ್ರಶ್ನೆ ಎದ್ದು, ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಂತು. ಅದೇನೇ ಇರಲಿ, ಪರಿಶೀಲನೆ ಪೂರ್ತಿ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಅನ್ನುವುದು ಕಾಯ್ದೆಯ 4ನೇ ಕಲಮಿನ 5ನೇ ಉಪಕಲಮಿನಲ್ಲೇ ಇದೆ. ಕಂದಕ ತೋಡಲು ಯಂತ್ರ ಬಂದ ದಿನ ಈ ಕಲಮಿನ ನಂಬರು ನೆನಪಿರಲಿ.

ಈಗ ಬ್ರೆಜಿಲ್‌ಗೆ ಬರೋಣ. 1988ರ ಅವರ ಸಂವಿಧಾನ ಕಿಲೊಂಬೊ ಜನರ ನೆಲದ ಹಕ್ಕನ್ನು ಒಪ್ಪಿಕೊಂಡಿತು. 2003ರ ಸರ್ಕಾರಿ ಆಜ್ಞೆಯ ಪ್ರಕಾರ ನಾವು ಕಿಲೊಂಬೊದವರು ಅಂತ ಆ ಸಮುದಾಯವೇ ಹೇಳಿಕೊಂಡು ಹೆಜ್ಜೆ ಶುರು ಮಾಡಬಹುದು, ಹಕ್ಕುಪತ್ರ ಇಡೀ ಊರಿನ ಸಂಘದ ಹೆಸರಿಗೆ ಬರುತ್ತದೆ, ಅದನ್ನು ಹೋಳು ಮಾಡುವಂತಿಲ್ಲ, ಮಾರುವಂತಿಲ್ಲ. ಆ ಆಜ್ಞೆಯನ್ನು ಪ್ರಶ್ನಿಸಿದ ಮೊಕದ್ದಮೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದದ್ದು 2018ರಲ್ಲಿ. ಕಾನೂನು ಅಷ್ಟು ಗಟ್ಟಿ. ಆದರೂ 2022ರ ಜನಗಣತಿ ಮೊದಲ ಸಲ ಅವರನ್ನು ಎಣಿಸಿದಾಗ, 13 ಲಕ್ಷಕ್ಕೂ ಹೆಚ್ಚು ಜನರಲ್ಲಿ ಹಕ್ಕುಪತ್ರ ಸಿಕ್ಕ ನೆಲದಲ್ಲಿ ವಾಸವಿದ್ದವರು ಶೇಕಡ 4.3 ಮಾತ್ರ. ಅಲ್ಲೂ ಕಡತವೇ ನಿಧಾನ.

ಆದರೆ ಊರಿಗೆಲ್ಲ ಒಂದೇ ಹಕ್ಕುಪತ್ರ ಅನ್ನುವ ಅವರ ದಾರಿಗೆ ಹತ್ತಿರದ್ದು ನಮ್ಮ ಕಾಯ್ದೆಯಲ್ಲೂ ಇದೆ, ಬಳಕೆ ಕಡಿಮೆ. ಜೇನು, ಉಪ್ಪಾಗೆ, ಮುರುಗಲು, ಸೀಗೆ, ಬೆತ್ತ, ಬಿದಿರು ತರುವ ಹಕ್ಕು, ಮೇವು, ಮೀನು, ನೀರು, ಇಂಥ ಸಮುದಾಯ ಹಕ್ಕಿಗೆ ನಮೂನೆ ಬಿ. ಊರು ಹಿಂದಿನಿಂದ ಬಳಸಿ ಕಾದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕಿಗೆ ನಮೂನೆ ಸಿ. ಘಟ್ಟದ ಮೇಲೆ ಅಡಿಕೆ ತೋಟವಿದ್ದವರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಬ್ರಿಟಿಷರ ಕಾಲದಿಂದ ಕಾಗದದ ಮೇಲಿದೆ. ಅದೇ ಬೆಟ್ಟದಲ್ಲಿ ಸೊಪ್ಪು ಕೊಯ್ದು ಹೊತ್ತವರಿಗೆ ಒಂದು ಹೊರೆಯ ಹಕ್ಕೂ ಕಾಗದದಲ್ಲಿ ಇರಲಿಲ್ಲ. ನಮೂನೆ ಬಿ, ನಮೂನೆ ಸಿ ಬಂದಿರುವುದು ಆ ಕೊರತೆಗೆ. ವೈಯಕ್ತಿಕ ಅರ್ಜಿಗೆ ಓಡಾಡುವ ಭರದಲ್ಲಿ ಇವೆರಡು ಖಾಲಿ ಉಳಿದ ಊರುಗಳೇ ಹೆಚ್ಚು. ಗುಂಟೆ ಲೆಕ್ಕದ ಹೊಲದಿಂದ ಒಂದು ಮನೆ ವರ್ಷವಿಡೀ ಉಣ್ಣಲಾರದು, ಕಾಡಿನ ಉತ್ಪನ್ನ ಸೇರಿದರೇ ಜೀವನ.

ಹಕ್ಕುಪತ್ರ ಬಂದಾಗ ಗಂಡ ಹೆಂಡತಿ ಇಬ್ಬರ ಹೆಸರೂ ಇದೆಯೇ ನೋಡಿ. ಇರಲೇಬೇಕು. ಅದು ಮಕ್ಕಳಿಗೆ ಬರುತ್ತದೆ, ಪರಭಾರೆ ಮಾಡುವಂತಿಲ್ಲ.

ಹಿರಿಯರ ಹೇಳಿಕೆಯೂ ಆಧಾರವೇ. ಅರ್ಜಿದಾರರಲ್ಲದ ಹಿರಿಯರು ಹೇಳಬೇಕು, ಅದನ್ನು ಬರಹಕ್ಕೆ ಇಳಿಸಬೇಕು. ಯಾರ ಗದ್ದೆ ಯಾರು ಮೊದಲು ಮಟ್ಟ ಮಾಡಿದರು, ಯಾವ ವರ್ಷ ಯಾವ ಅಧಿಕಾರಿ ಗುಡಿಸಲು ಕೀಳಿಸಿದ, ಆಮೇಲೆ ಮತ್ತೆ ಎಲ್ಲಿ ಕಟ್ಟಿದರು, ಅಜ್ಜ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದರು, ಇದನ್ನೆಲ್ಲ ಹೇಳಬಲ್ಲವರು ಈಗ ಒಂದೊಂದು ಊರಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ. ಮಳೆಗಾಲ ಹಿಡಿಯುವ ಮೊದಲು ಅವರ ಮನೆಗೆ ಹೋಗಿ. ಕೊಂಕಣಿಯಲ್ಲಿ ಹೇಳಿದರೆ ಕನ್ನಡದಲ್ಲಿ ಬರೆದು ಓದಿ ಹೇಳಿ, ತಾರೀಕು ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ದಂಡದ ರಸೀದಿಯ ಜೊತೆ ಅದೇ ಟ್ರಂಕಿನಲ್ಲಿಡಿ.

ನಮಸ್ಕಾರ.